ಕಾವು ಹಿಡಿಯದ ಮಡಿ, ಸೊಂಟದಲ್ಲಿ ಬದನೆ ಬೀಜ

ಬೆಳಗಿನ ಐದು ಗಂಟೆ. ಹೊರಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗಿನ ಚಳಿ. ಪ್ಲಾಸ್ಟಿಕ್ ಹೊದಿಸಿದ ಸಸಿಮನೆಯ ಬಾಗಿಲು ಹಿಮಗಟ್ಟಿ ಚೌಕಟ್ಟಿಗೆ ಅಂಟಿಕೊಂಡಿದೆ. ಕಿನುಯೊ ತೊಬಿತಾ ಅದಕ್ಕೆ ಮೊಣಕಾಲಿನಿಂದ ಒಂದು ಗುದ್ದು ಕೊಟ್ಟು, ಭುಜ ಒತ್ತಿ ತಳ್ಳಿ ಒಳಗೆ ಬರುತ್ತಾರೆ. ತಲೆಗೆ ಕಟ್ಟಿಕೊಂಡ ದೀಪದ ಬೆಳಕು ಬಿದಿರು ತಡಿಕೆಯ ಉದ್ದನೆಯ ಮಡಿಯ ಮೇಲೆ ಬೀಳುತ್ತದೆ. ಸೊಂಟದೆತ್ತರದ ಮಡಿ. ಅದರ ತುಂಬ ತುಳಿದು ತುಂಬಿದ ತರಗೆಲೆ, ತೌಡು, ಕೋಳಿಗೊಬ್ಬರ. ಇವು ಕೊಳೆಯುವಾಗ ಏಳುವ ಕಾವಿನಲ್ಲೇ ಬೀಜ ಮೊಳೆಯಬೇಕು. ಮೇಲೆ ಹಳೆಯ ಕಂಬಳಿಗಳ ಹೊದಿಕೆ.

ಕಂಬಳಿಯ ಒಂದು ಮೂಲೆ ಸರಿಸಿ, ಕೈಗವಸು ಕಳಚಿ, ಅಂಗಿಯ ತೋಳು ಮಡಚಿ, ಬಲಗೈಯನ್ನು ಮೊಣಕೈವರೆಗೂ ಎಲೆಯೊಳಗೆ ತೂರಿಸುತ್ತಾರೆ. ಕಣ್ಣು ಮುಚ್ಚುತ್ತಾರೆ. ತುಟಿ ಅಲುಗುತ್ತದೆ: ಒಂದು, ಎರಡು, ಮೂರು... ಬೇರೆ ವರ್ಷಗಳಲ್ಲಿ ಈ ಹೊತ್ತಿಗೆ ಐದು ಎಣಿಸುವಷ್ಟರಲ್ಲಿ ಕೈ ಸುಟ್ಟಂತಾಗಿ ಹಿಂದೆಗೆಯಬೇಕಾಗುತ್ತಿತ್ತು. ಇವತ್ತು ಎಣಿಕೆ ಮೂವತ್ತಕ್ಕೆ ಬಂದರೂ ಕೈ ಅಲ್ಲೇ ಇದೆ.

“ಸತ್ತ ಮೀನು ಮುಟ್ಟಿದ ಹಾಗಿದೆ” ಎನ್ನುತ್ತಾರೆ. ಹುಟ್ಟಿದ್ದು ಮೀನುಗಾರರ ಊರಿನಲ್ಲಿ; ಹೋಲಿಕೆಗಳು ಇನ್ನೂ ಅಲ್ಲಿಂದಲೇ ಬರುತ್ತವೆ.

ಎಲೆಯೊಳಗೆ ಚುಚ್ಚಿಟ್ಟ ಉದ್ದ ಥರ್ಮಾಮೀಟರನ್ನು ಎಳೆದು ನೋಡುತ್ತಾರೆ. ಹದಿನೇಳು. ಮಡಿ ತುಳಿದು ಇಂದಿಗೆ ಒಂಬತ್ತು ದಿನ. ಮೂರನೇ ದಿನಕ್ಕೇ ನಲವತ್ತು ದಾಟಿ ಕಂಬಳಿಯ ಸಂದಿಯಿಂದ ಹಬೆಯಾಡಬೇಕಾಗಿದ್ದ ಮಡಿ ಇದು. ಆಕೆಯ ಎಡಗೈ ತಾನಾಗಿಯೇ ಸೊಂಟಕ್ಕೆ ಹೋಗುತ್ತದೆ. ಅಲ್ಲಿ ಉಣ್ಣೆಯ ಹೊಟ್ಟೆಪಟ್ಟಿಯ ಒಳಗೆ, ಒಳಅಂಗಿಗೆ ತಾಗಿದಂತೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಪುಟ್ಟ ಗಂಟಿದೆ. ಗಂಟಿನಲ್ಲಿ ನೂರಾ ಆರು ಬದನೆ ಬೀಜ. ಹಿನೊಕುಬೊ ಬದನೆಯ ಬೀಜ ಅಂತ ಈ ಭೂಮಿಯ ಮೇಲೆ ಉಳಿದಿರುವುದು ಅಷ್ಟೇ ಇರಬಹುದೆಂದು ಆಕೆಯ ಅಂಜಿಕೆ.

ಕಾಂತೋ ಸೀಮೆಯ ಉತ್ತರದ ಬೆಟ್ಟಗಳ ಬುಡದಲ್ಲಿರುವ ಹಿನೊಕುಬೊದಲ್ಲಿ ಕಿನುಯೊ ಮನೆ ಬಿಟ್ಟು ಮೂವತ್ತನಾಲ್ಕು ಮನೆ. ಮೇ ತಿಂಗಳಲ್ಲಿ ಹಿತ್ತಿಲಿಗೆ ಬೇಕಾಗುವ ಬದನೆ, ಟೊಮೆಟೊ, ಮೆಣಸಿನ ಸಸಿಗೆ ಆ ಮನೆಗಳು ಪೇಟೆಯ ಅಂಗಡಿಗೆ ಹೋಗುವುದಿಲ್ಲ. ಕಿನುಯೊ ಮನೆಗೆ ಬರುತ್ತಾರೆ. ಯಾರಿಗೆ ಎಷ್ಟು ಬೇಕೆಂದು ಯಾರೂ ಹೇಳುವುದಿಲ್ಲ, ಆಕೆ ಕೇಳುವುದೂ ಇಲ್ಲ. ಸಸಿ ಒಯ್ದವರು ಬೇಸಿಗೆಯಲ್ಲಿ ಒಂದು ಬುಟ್ಟಿ ಕಾಯಿಯನ್ನೋ, ಚಳಿಗಾಲದಲ್ಲಿ ಒಂದು ಬೋಗುಣಿ ಉಪ್ಪಿನಕಾಯಿಯನ್ನೋ ಜಗಲಿಯ ಮೇಲಿಟ್ಟು ಹೋಗುತ್ತಾರೆ. ವರ್ಷಕ್ಕೆ ಅರವತ್ತು ತಟ್ಟೆ ಸಸಿ. ಅದಕ್ಕೆ ತೊಂಬತ್ತು ಚೀಲ ತರಗೆಲೆ, ಹದಿನಾಲ್ಕು ಚೀಲ ತೌಡು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದಿನಕ್ಕೆ ನಾಲ್ಕು ಸಲ ಕೈಯಿಟ್ಟು ಕಾವು ನೋಡಬೇಕು. ಹೊದಿಕೆ ತೆಗೆಯುವುದು ಅರ್ಧ ಗಂಟೆ ತಡವಾದರೂ ಎಳೆ ಸಸಿ ಬೆಂದುಹೋಗುತ್ತದೆ. ಮುಚ್ಚುವುದು ತಡವಾದರೆ ಸೆಡೆತುಹೋಗುತ್ತದೆ. ಹೀಗಾಗಿ ನಲವತ್ತೇಳು ವರ್ಷದಿಂದ ಆಕೆ ವಸಂತಕಾಲದಲ್ಲಿ ಒಂದು ಮದುವೆಗೂ ಪೂರ್ತಿ ದಿನ ಹೋಗಿ ಕೂತವರಲ್ಲ.

ಕೆಲಸ ಕಲಿಸಿದ್ದು ಅತ್ತೆ ಇಸೊ. ಇಪ್ಪತ್ತನಾಲ್ಕರ ಹರೆಯದಲ್ಲಿ ಈ ಮನೆಗೆ ಬಂದ ಮೊದಲ ಚಳಿಗಾಲದಲ್ಲೇ ಸೊಸೆಯನ್ನು ಮಡಿಯೊಳಗೆ ಇಳಿಸಿದ್ದರು. ಒಂದು ಗೇಣು ಎಲೆ, ಮೇಲೆ ತೌಡು, ಮೇಲೆ ಗೊಬ್ಬರ, ಮೇಲೆ ನೀರು, ತುಳಿ. ಮತ್ತೆ ಎಲೆ, ಮತ್ತೆ ತೌಡು, ತುಳಿ. “ನಾಟ್ಯ ಮಾಡ್ಬೇಡ, ತುಳಿ! ಹಿಮ್ಮಡಿಯಿಂದ ತುಳಿ!” ಎಂದು ಅತ್ತೆ ಬಯ್ಯುತ್ತಿದ್ದುದನ್ನು ಕಿನುಯೊ ಈಗಲೂ ಅದೇ ದನಿಯಲ್ಲಿ ಆಡಿ ತೋರಿಸುತ್ತಾರೆ. ಅತ್ತೆಗೆ ಥರ್ಮಾಮೀಟರಿನ ಹಂಗಿರಲಿಲ್ಲ. ಕೈ ತೂರಿಸಿ ಹತ್ತು ಎಣಿಸುವವರೆಗೆ ತಡೆದುಕೊಳ್ಳಬಹುದು, ಹನ್ನೊಂದಕ್ಕೆ ಆಗುವುದಿಲ್ಲ ಎಂಬಷ್ಟು ಕಾವಿದ್ದರೆ ಬಿತ್ತನೆಗೆ ಹದ. ಆ ಲೆಕ್ಕ ಕಿನುಯೊ ಕೈಗೆ ಹತ್ತಲು ಆರು ವರ್ಷ ಹಿಡಿಯಿತು. ಅತ್ತೆ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಹಗಲು ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕುತ್ತಿದ್ದ ಕಾಲದಲ್ಲೂ ಮಡಿಯ ಕೆಲಸ ಒಂದು ವರ್ಷವೂ ತಪ್ಪಿದ್ದಿಲ್ಲ. ಈಗ ಆಕೆಗೆ ಎಪ್ಪತ್ತೊಂದು. ಸೊಂಟ ಬಗ್ಗಿಸಿದರೆ ನೆಟ್ಟಗಾಗಲು ಮಡಿಯ ಅಂಚು ಹಿಡಿಯಲೇಬೇಕು.

ಎಲ್ಲ ಸಸಿಗಳಲ್ಲೂ ಆಕೆಗೆ ತಲೆನೋವು ತರುವುದು ಬದನೆ. ಮಣ್ಣು ಇಪ್ಪತ್ತೆಂಟು, ಮೂವತ್ತು ಡಿಗ್ರಿ ಬೆಚ್ಚಗಿದ್ದರೆ ಮಾತ್ರ ಮೊಳೆಯುತ್ತದೆ. ಫೆಬ್ರವರಿ ದಾಟಿ ಬಿತ್ತಿದರೆ ಮೇ ತಿಂಗಳಲ್ಲಿ ಸಸಿ ಬೆರಳುದ್ದ; ಕಾಯಿ ಬರುವ ಹೊತ್ತಿಗೆ ಬೇಸಿಗೆ ಮುಗಿದಿರುತ್ತದೆ. ಅದರಲ್ಲೂ ಹಿನೊಕುಬೊ ಬದನೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಮುಷ್ಟಿಗಾತ್ರದ, ದಪ್ಪ ಸಿಪ್ಪೆಯ, ಸಾಸಿವೆ ಹಾಕಿ ಉಪ್ಪಿನಕಾಯಿ ಮಾಡಿದರೆ ಮರುವರ್ಷದವರೆಗೂ ಕಚ್ಚಿದಾಗ ಕರುಂ ಎನ್ನುವ ಕಾಯಿ. ಪ್ರತಿವರ್ಷ ಮೂರು ಕಾಯಿಯನ್ನು ಕಿನುಯೊ ಬೀಜಕ್ಕೆ ಬಿಡುತ್ತಾರೆ. ಹೋದ ಶರತ್ಕಾಲದಲ್ಲಿ ಹನ್ನೆರಡು ದಿನ ಬಿಡದೆ ಸುರಿದ ಮಳೆಗೆ ಆ ಮೂರೂ ಗಿಡದಲ್ಲೇ ಕೊಳೆತು ಬಿದ್ದವು. ಉಳಿದದ್ದು ಚಹಾ ಡಬ್ಬಿಯ ತಳದಲ್ಲಿದ್ದ ಮೂರು ವರ್ಷ ಹಳೆಯ ಬೀಜ. ಊಟದ ಮೇಜಿನ ಮೇಲೆ ಬಿಳಿಯ ತಟ್ಟೆಯಿಟ್ಟು ಎಣಿಸಿದರು. ಇನ್ನೂರಾ ಹನ್ನೆರಡು. ಮತ್ತೆ ಎಣಿಸಿದರು. ಅಷ್ಟೇ.

ಪಂಚಾಂಗದ ಪ್ರಕಾರ ವಸಂತ ಕಾಲಿಟ್ಟ ನಾಲ್ಕನೇ ದಿನ ಮಡಿ ತುಳಿದದ್ದು. ಈ ವರ್ಷ ಒಬ್ಬರೇ ತುಳಿದರು. ಜೊತೆಗೆ ತುಳಿಯುತ್ತಿದ್ದ ಗಂಡ ತಾಮೊತ್ಸುಗೆ ಡಿಸೆಂಬರಿನಲ್ಲಿ ಮೊಣಕಾಲಿನ ಆಪರೇಷನ್ ಆಗಿದೆ. ಮೂವತ್ತು ವರ್ಷ ಬೆಟ್ಟದ ದಾರಿಯಲ್ಲಿ ಬಸ್ಸು ಓಡಿಸಿದ ಮನುಷ್ಯ. ಬ್ರೇಕ್ ತುಳಿದೂ ತುಳಿದೂ ಮಂಡಿ ಸವೆಯಿತೆಂದು ಹೇಳಿಕೊಳ್ಳುತ್ತಾರೆ. ಮೂರನೇ ದಿನ, ಎಂದಿನ ಧೈರ್ಯದಲ್ಲೇ, ಕಿನುಯೊ ಬೀಜ ನೆನೆಹಾಕಿದರು. ಐದನೇ ದಿನವೂ ಮಡಿ ತಣ್ಣಗೇ ಇತ್ತು. ಒಮ್ಮೆ ನೆನೆದ ಬೀಜವನ್ನು ಮತ್ತೆ ಒಣಗಿಸಿ ಡಬ್ಬಿಗೆ ಹಾಕಲು ಬರುವುದಿಲ್ಲ. ಮೊಳೆಯಬೇಕು, ಇಲ್ಲವೇ ಕೊಳೆಯಬೇಕು.

ಹಟ ಹಿಡಿದು ಕೂತರೇ ಎಂದರೆ ಅದೂ ಇಲ್ಲ. ಪೇಟೆಯ ಅಂಗಡಿಗೆ ಫೋನು ಮಾಡಿ ಸಸಿತಟ್ಟೆಯ ಕೆಳಗೆ ಹಾಸುವ, ಕಾವು ಕೊಡುವ ಕರೆಂಟಿನ ಹಾಸು ಕೇಳಿದ್ದರು. ಇದ್ದದ್ದೆಲ್ಲ ಖರ್ಚಾಗಿದೆ, ಹತ್ತು ದಿನ ಬೇಕು ಎಂಬ ಉತ್ತರ ಬಂತು.

ಆಗ ತಾಮೊತ್ಸು ಒಂದು ಉಪಾಯ ಹೇಳಿದರು. “ಅದಕ್ಯಾಕಿಷ್ಟು ಚಿಂತೆ ಕಿನು? ಕೊತಾತ್ಸು ಇದೆಯಲ್ಲ. ಕೆಳಗಿಟ್ಬಿಡು. ನನ್ನ ಕಾಲಿಗೂ ಕಾವು, ನಿನ್ನ ಬೀಜಕ್ಕೂ ಕಾವು.”

ಕೊತಾತ್ಸು ಎಂದರೆ ಕೆಳಗೆ ಹೀಟರ್ ಇರುವ, ಸುತ್ತ ರಜಾಯಿ ಇಳಿಬಿಟ್ಟ ಮೋಟುಗಾಲಿನ ಮೇಜು. ಚಳಿಗಾಲದಲ್ಲಿ ಇಡೀ ಮನೆ ಬದುಕುವುದು ಅದರ ಸುತ್ತಲೇ. ಕಿನುಯೊ ಯೋಚಿಸಿ ಬೀಜವನ್ನು ಸರಿಪಾಲು ಮಾಡಿದರು. ಅರ್ಧ ಕೊತಾತ್ಸುವಿನ ಕೆಳಗೆ, ಅರ್ಧ ತಮ್ಮ ಹೊಟ್ಟೆಪಟ್ಟಿಯೊಳಗೆ. ಹೀಟರಿನ ಗುಂಡಿಯನ್ನು ತೀರ ಕೆಳಕ್ಕೆ ತಿರುಗಿಸಿಟ್ಟರು. ಅದನ್ನು ಮುಟ್ಟಬೇಡಿ ಎಂದು ಗಂಡನಿಗೆ ಹೇಳಿದ್ದು ಮಾತ್ರ ಆಕೆಗೆ ನೆನಪಿಲ್ಲ. ಹೇಳಿದ್ದೆನೇ, ಇಲ್ಲವೇ ಎಂದು ಈಗಲೂ ಯೋಚಿಸುತ್ತಾರೆ.

ಏಳನೇ ದಿನ ಮಧ್ಯಾಹ್ನ ತಾಮೊತ್ಸು ಮಂಡಿ ನೋಯುತ್ತದೆಂದು ಗುಂಡಿ ಮೇಲಕ್ಕೆ ತಿರುಗಿಸಿ, ಟೀವಿ ಮುಂದೆ ಹಾಗೇ ನಿದ್ದೆಹೋದರು. ಕಿನುಯೊ ತೋಟದಿಂದ ಬಂದು ರಜಾಯಿಯ ಕೆಳಗೆ ಕೈಹಾಕಿದಾಗ ಬಟ್ಟೆಯ ಗಂಟು ಆಗತಾನೆ ಬೇಯಿಸಿ ಇಳಿಸಿದ ಗೆಣಸಿನಂತೆ ಬಿಸಿಯಾಗಿತ್ತು. ಒಂದು ಬೀಜ ತೆಗೆದು ಉಗುರಿನ ನಡುವೆ ಒತ್ತಿ ನೋಡಿದರು. ಪಿಚಕ್ಕೆಂದಿತು. ಇನ್ನೊಂದು, ಮತ್ತೊಂದು. ಎಲ್ಲವೂ ಅಷ್ಟೇ.

“ಬಯ್ಯೋದಕ್ಕೂ ಬಾಯಿ ಬರ್ಲಿಲ್ಲ” ಎನ್ನುತ್ತಾರೆ ಕಿನುಯೊ. “ಬೈದ್ರೆ ಅಳು ಬರುತ್ತೆ ಅಂತ ಗೊತ್ತಿತ್ತು. ಹೊರಗೆ ಹೋಗಿ ಮೂಲಂಗಿ ತೊಳೆದೆ. ಎಷ್ಟು ತೊಳೆದೆ ಅಂದ್ರೆ ಮೂಲಂಗಿ ಸಿಪ್ಪೇನೇ ಹೋಯ್ತು.”

ಆ ಸಂಜೆ ಗಂಡನ ಮುಂದೆ ಅನ್ನ, ಮಿಸೊ ಸಾರು ಇಟ್ಟು ತಾವು ಅಡುಗೆಮನೆಯಲ್ಲಿ ನಿಂತೇ ಉಂಡರು. ಮಗಳು ಹುಟ್ಟಿದಂದಿನಿಂದ ಗಂಡನನ್ನು ‘ಅಪ್ಪಾ’ ಎಂದೇ ಕರೆಯುತ್ತ ಬಂದಿದ್ದಾಕೆ ಎರಡು ದಿನ ಏನೂ ಕರೆಯಲಿಲ್ಲ. ಉಳಿದರ್ಧದ ಗಂಟು ಸೊಂಟದಿಂದ ಇಳಿಯಲಿಲ್ಲ. ಮಗ್ಗುಲಾದರೆ ಬೀಜ ನಜ್ಜಾದೀತೆಂದು ಅಂಗಾತವೇ ಮಲಗಿದರು. ಸ್ನಾನಕ್ಕೆ ಹೋದರೆ ಗಂಟನ್ನು ಕಳಚಿಡಬೇಕಲ್ಲ ಎಂದು ಸ್ನಾನವನ್ನೇ ಬಿಟ್ಟರು. ಅಕ್ಕಿ ಗಿರಣಿಯ ಶಿನೊಬು ತೌಡಿನ ಚೀಲ ಇಳಿಸಲು ಬಂದವರು ಆಕೆ ಸೊಂಟ ಹಿಡಿದು ನಡೆಯುವುದನ್ನು ಕಂಡು ನಕ್ಕರು.

“ಏನ್ ಕಿನುಸಾನ್, ಕಾವಿಗೆ ಕೂತಿದ್ದೀರಂತೆ! ಮರಿ ಯಾವಾಗ?”

“ಮೊಟ್ಟೆ ಕೊಳೀದಿದ್ರೆ ಸಾಕು ಮಾರಾಯ್ತಿ” ಎಂದರು ಕಿನುಯೊ. ಆ ಮುಖ ನೋಡಿ ಶಿನೊಬುವಿನ ನಗು ಅಲ್ಲಿಗೇ ನಿಂತಿತು.

ಒಂಬತ್ತನೇ ದಿನದ ಆ ಬೆಳಗು, ಹದಿನೇಳು ಡಿಗ್ರಿ ಕಂಡ ಮೇಲೆ, ಕಿನುಯೊ ಮೊದಲ ಬಾರಿಗೆ ಮಡಿಯನ್ನು ಒಡೆಯುತ್ತಾರೆ. ತುಳಿದ ಮಡಿಯನ್ನು ಒಡೆಯುವುದೆಂದರೆ ಮುಚ್ಚಳ ತೆಗೆದು ಅನ್ನ ಬೇಯುವುದನ್ನು ನೋಡಿದಂತೆ. ಇದ್ದ ಚೂರುಪಾರು ಕಾವೂ ಹಾರಿಹೋಗುತ್ತದೆ. ಬೇರೆ ದಾರಿ ತೋರುವುದಿಲ್ಲ. ಕವೆಗೋಲು ಹಾಕಿ ಎತ್ತಿದ ಎಲೆಯನ್ನು ದೀಪದ ಬೆಳಕಿಗೆ ಹಿಡಿಯುತ್ತಾರೆ. ಅರ್ಧಕ್ಕರ್ಧ ಹಳದಿ ಬೀಸಣಿಗೆಯಾಕಾರದ ಗಿಂಕೊ ಎಲೆ. ಒಂಬತ್ತು ದಿನವಾದರೂ ಮರದಿಂದ ಆಗ ಉದುರಿದಷ್ಟೇ ಹೊಸದಾಗಿದೆ.

ಕಾರಣ ಅಲ್ಲಿತ್ತು. ಊರ ಹಿಂದಿನ ಓಕ್ ತೋಪಿಗೆ ಎರಡು ವರ್ಷದಿಂದ ಹುಳ ಬಿದ್ದಿದೆ. ಒಣಗಿದ ಮರಗಳನ್ನು ಕಡಿದುಹಾಕಿದ್ದಾರೆ. ಎಲೆ ಸಾಲದೆ ಬಂದಾಗ ಪೇಟೆಯ ಬೀದಿ ಗುಡಿಸಿದವರು ಕಟ್ಟಿಟ್ಟಿದ್ದ ಚೀಲಗಳನ್ನು ಕಿನುಯೊ ಕೇಳಿ ತಂದಿದ್ದರು. ಗಿಂಕೊ ಎಲೆ ಬೇಗ ಕೊಳೆಯುವುದಿಲ್ಲ, ಕಾವು ಹಿಡಿಯುವುದಿಲ್ಲ ಎಂದು ಆಕೆಗೆ ಗೊತ್ತಿಲ್ಲದ್ದೇನಲ್ಲ. ಮೇಲಿನ ಚೀಲಗಳನ್ನು ಬಿಚ್ಚಿ ನೋಡಿದ್ದರು, ಓಕ್ ಎಲೆಯೇ ಇತ್ತು. ಕೆಳಗಿನ ಚೀಲಗಳನ್ನು ಕತ್ತಲಾಗುತ್ತ ಬಂದಾಗ ಅವಸರದಲ್ಲಿ ಸುರಿದಿದ್ದರು.

“ಯಾರ ತಪ್ಪೂ ಅಲ್ಲ, ನಂದೇ. ನಮ್ಮತ್ತೆ ಇದ್ದಿದ್ರೆ ಒಂದೊಂದು ಚೀಲಕ್ಕೂ ಮೂಗು ಹಾಕಿ ನೋಡಿರೋರು. ನಾನು ಕತ್ತಲಾಯ್ತು ಅಂತ ಸುರಿದೆ.”

ಆ ಹೊತ್ತಿಗೆ ಅಂಗಳದಲ್ಲಿ ಪುಟ್ಟ ಟ್ರಕ್ಕಿನ ಸದ್ದಾಗುತ್ತದೆ. ತಾಮೊತ್ಸು. ಹೆಂಡತಿ ಸಸಿಮನೆಗೆ ಹೋದದ್ದೇ ತಡ, ಆಪರೇಷನ್ ಆದ ಕಾಲಿನಲ್ಲೇ ಗಾಡಿ ಓಡಿಸಿಕೊಂಡು ಕಣಿವೆಯ ಆಚೆಯ ತೋಫು ಮಾಡುವವರ ಮನೆಗೆ ಹೋಗಿ ಬಂದಿದ್ದಾರೆ. ಹಿಂದೆ ಆರು ಡಬ್ಬ ಸೋಯಾ ಗಸಿ. ಹಾಲು ಹಿಂಡಿದ ಮೇಲೆ ಉಳಿಯುವ ಹಿಟ್ಟಿನಂಥ ಗಸಿ, ಇನ್ನೂ ಹಬೆಯಾಡುತ್ತಿದೆ. ಒಂದು ದಿನ ಗುಡ್ಡೆಹಾಕಿಟ್ಟರೆ ತಾನೇ ಕುದಿಯತೊಡಗುವ ವಸ್ತು ಅದು.

“ಡಾಕ್ಟರು ಗಾಡಿ ಓಡಿಸ್ಬೇಡಿ ಅಂದಿರ್ಲಿಲ್ವಾ?” ಎರಡು ದಿನದ ಮೇಲೆ ಕಿನುಯೊ ಗಂಡನೊಡನೆ ಆಡಿದ ಮೊದಲ ಮಾತು.

“ಬಸ್ ಓಡಿಸ್ಬೇಡಿ ಅಂದಿದ್ರು. ಇದು ಬಸ್ಸಾ?” ಎಂದು ತಾಮೊತ್ಸು ಕೆಳಗಿಳಿಯಲು ಗಾಡಿಯ ಬಾಗಿಲು ಹಿಡಿಯುತ್ತಾರೆ. ನೆಲ ನೋಡಿಕೊಂಡು, “ನಂಗೆ ಇದಿಷ್ಟೇ ತೋಚಿದ್ದು ಕಿನು” ಎನ್ನುತ್ತಾರೆ.

ಶಿನೊಬು ಗಿರಣಿಯಿಂದ ಹೊಸ ತೌಡು ತರುತ್ತಾರೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡೇ ಬಂದಿರುತ್ತಾರೆ. ಒಂಬತ್ತು ಗಂಟೆಯೊಳಗೆ ಅಂಗಳದಲ್ಲಿ ಏಳು ಮಂದಿ. ಎಲ್ಲರೂ ಅರವತ್ತು ದಾಟಿದವರೇ. ಕೈಯಲ್ಲಿ ಕವೆಗೋಲು, ಕಾಲಲ್ಲಿ ರಬ್ಬರ್ ಬೂಟು, ಬೆನ್ನ ಮೇಲೆ ಅವರವರ ಮನೆಯ ಹಿತ್ತಿಲಲ್ಲಿ ಉಳಿದಿದ್ದ ಓಕ್ ಎಲೆಯ ಚೀಲ. ಇಡೀ ಮಡಿಯನ್ನು ಬಗೆದು, ಗಿಂಕೊ ಎಲೆಯನ್ನು ಕೈಯಿಂದಲೇ ಆರಿಸಿ ಹೊರಗೆಸೆಯುತ್ತಾರೆ. ಉಗುರುಬೆಚ್ಚಗಿನ ನೀರು ಚಿಮುಕಿಸಿ ಮತ್ತೆ ಪದರ ಪದರವಾಗಿ ತುಂಬುತ್ತಾರೆ. ಸಾಲಾಗಿ ನಿಂತು, ಒಬ್ಬರ ಭುಜ ಒಬ್ಬರು ಹಿಡಿದು ತುಳಿಯುತ್ತಾರೆ. “ಹಿಮ್ಮಡಿಯಿಂದ!” ಎಂದು ಕಿನುಯೊ ಕೂಗುತ್ತಾರೆ. ತಾಮೊತ್ಸು ಬಕೆಟ್ಟು ಬೋರಲು ಹಾಕಿ ಕೂತು ಗಿಂಕೊ ಎಲೆ ಆರಿಸುತ್ತಾರೆ, ಮಧ್ಯಾಹ್ನದವರೆಗೂ ಏಳುವುದಿಲ್ಲ.

ಅಂದು ಸಂಜೆ ಸ್ನಾನದ ನೀರು ಕಾದ ಮೇಲೆ ಕಿನುಯೊ ಹೊಟ್ಟೆಪಟ್ಟಿ ಸಡಿಲಿಸಿ ಗಂಟನ್ನು ಹೊರತೆಗೆಯುತ್ತಾರೆ. ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದು ನಿಲ್ಲುತ್ತಾರೆ. ಆಮೇಲೆ ಗಂಡನ ಮುಂದೆ ಚಾಚುತ್ತಾರೆ.

“ಅಪ್ಪಾ, ನಾನು ಬರೋವರೆಗೂ ಇದು ನಿಮ್ಮ ಹೊಟ್ಟೆ ಮೇಲಿರ್ಲಿ. ನಿದ್ದೆ ಮಾಡ್ಬೇಡಿ.”

“ಉಸಿರಾಡ್ಬಹುದಾ?”

“ಮೆತ್ತಗೆ.”

ಮಾರನೇ ದಿನ ಮಡಿ ಇಪ್ಪತ್ತನಾಲ್ಕು. ಅದರ ಮಾರನೇ ದಿನ ನಲವತ್ತೊಂದು. ಕಂಬಳಿಯ ಅಂಚಿನಲ್ಲಿ ಹಬೆ. ಊರವರು ಬಂದು ನೋಡಿ ನಕ್ಕು ಹೋಗುತ್ತಾರೆ. ಕಿನುಯೊಗೆ ನಗು ಬರುವುದಿಲ್ಲ. ಯಾಕೆಂದರೆ ಕಾವು ಅಲ್ಲಿಗೆ ನಿಲ್ಲುತ್ತಿಲ್ಲ. ಸೋಯಾ ಗಸಿಯ ಜೋರು ಹೆಚ್ಚಾಗಿದೆ: ನಲವತ್ತೊಂಬತ್ತು, ಐವತ್ತೆಂಟು. ಇತ್ತ ಗಂಟು ಬಿಚ್ಚಿ ನೋಡಿದರೆ ಬೀಜಗಳ ತುದಿಯಲ್ಲಿ ಸೂಜಿಮೊನೆಯಷ್ಟು ಬಿಳಿ ಬೇರು ಹಣಿಕಿದೆ. ಒಂದೆರಡು ದಿನ ತಡೆದರೆ ಬೇರು ಬಟ್ಟೆಯ ನೂಲಿಗೆ ಹೆಣೆದುಕೊಂಡು ಬಿಡಿಸುವಾಗ ಮುರಿಯುತ್ತದೆ. ಈಗಲೇ ಮಡಿಯ ಮೇಲಿಟ್ಟರೆ ಬೇಯುತ್ತದೆ. ಬೀಜ ಬೆಂದದ್ದನ್ನು ಆಕೆ ಒಮ್ಮೆ ಕಂಡಾಗಿದೆ.

ಇಂಥ ಇಕ್ಕಟ್ಟಿಗೆ ಅತ್ತೆ ಯಾವ ಪಾಠವನ್ನೂ ಹೇಳಿಹೋಗಿರಲಿಲ್ಲ. ಇಡೀ ಬೆಳಿಗ್ಗೆ ಕಿನುಯೊ ಮಡಿಯ ಸುತ್ತ ತಿರುಗುತ್ತಾರೆ. ಮಡಿಯ ಮೇಲೆ ಬೇರೆ ಬೇರೆ ಎತ್ತರದಲ್ಲಿ ಬರಿಗೈ ಹಿಡಿದು ನಿಲ್ಲುತ್ತಾರೆ. ಒಂದು ಮೊಳ ಮೇಲೆ ಗಾಳಿ ಹಿತವಾಗಿ ಬೆಚ್ಚಗಿದೆ. ಬಿದಿರು ಗಳಗಳನ್ನು ಮಡಿಗೆ ಅಡ್ಡಲಾಗಿ ಕಟ್ಟಿ, ಅವುಗಳಿಂದ ಹಗ್ಗದಲ್ಲಿ ತಟ್ಟೆಗಳನ್ನು ತೊಟ್ಟಿಲಿನ ಹಾಗೆ ಇಳಿಬಿಡುತ್ತಾರೆ. ತಟ್ಟೆಯಲ್ಲಿರುವುದು ಎರಡು ವರ್ಷದ ಹಿಂದಿನ ಮಡಿಯೇ ಕೊಳೆತು ಕಪ್ಪಾದ ಮಣ್ಣು. ಚಾಪ್‌ಸ್ಟಿಕ್ಕಿನ ತುದಿಯನ್ನು ನೀರಲ್ಲಿ ಅದ್ದಿ ಒಂದೊಂದೇ ಬೀಜವನ್ನು ಎತ್ತಿ, ಬೇರು ಕೆಳಮುಖವಾಗಿ ಇಡುತ್ತಾರೆ. ಬೇರು ಬಿಟ್ಟದ್ದು ಎಪ್ಪತ್ತೊಂಬತ್ತು. ಉಳಿದ ಇಪ್ಪತ್ತೇಳನ್ನೂ ಎಸೆಯಲು ಮನಸ್ಸಾಗದೆ ಒಂದು ಮೂಲೆಯಲ್ಲಿ ಊರುತ್ತಾರೆ. ಅವು ಏಳಲೇ ಇಲ್ಲ.

ಮಡಿ ತಣಿದಂತೆಲ್ಲ ದಿನಕ್ಕೆ ನಾಲ್ಕು ಬೆರಳು ಹಗ್ಗ ಇಳಿಸುತ್ತಾರೆ. ಬಿಸಿಲೇರಿದರೆ ಮೇಲಕ್ಕೆ, ಮೋಡ ಮುಚ್ಚಿದರೆ ಕೆಳಕ್ಕೆ. ಊಟದ ನಡುವೆ ಎದ್ದು ಹೋಗುತ್ತಾರೆ. ಪಕ್ಕದೂರಿನ ಆಸ್ಪತ್ರೆಯಲ್ಲಿ ನಾದಿನಿಯ ಮೊಮ್ಮಗಳಿಗೆ ಹೆರಿಗೆಯಾದ ಸುದ್ದಿ ಬಂದಾಗಲೂ ಮೊದಲು ಹಗ್ಗ ಹಿಡಿದು ಆಮೇಲೆ ಫೋನು ಹಿಡಿಯುತ್ತಾರೆ. ಬಿತ್ತಿದ ಆರನೇ ದಿನ ಬೆಳಿಗ್ಗೆ ಕಪ್ಪು ಮಣ್ಣಿನ ಮೇಲೆ ಬಗ್ಗಿದ ಕತ್ತಿನಂತೆ ಒಂದು ನೇರಳೆ ಎಳೆ. ಮಧ್ಯಾಹ್ನಕ್ಕೆ ಒಂಬತ್ತು. ಸಂಜೆಗೆ ಎಣಿಸುವುದನ್ನು ಬಿಡುತ್ತಾರೆ. ಎಣಿಸಿದರೆ ದೃಷ್ಟಿಯಾದೀತೆಂಬ ಭಯ.

ಕೊನೆಗೆ ಎಣಿಸಿದ್ದು ಮೇ ತಿಂಗಳ ಮೊದಲ ಭಾನುವಾರ, ಊರಿನ ಸಭಾಮನೆಯ ಅಂಗಳದಲ್ಲಿ. ಎಪ್ಪತ್ತೊಂದು ಸಸಿ. ಟೊಮೆಟೊ, ಮೆಣಸು, ಕುಂಬಳದ ಸಸಿಗಳು ಸ್ವಲ್ಪ ತಡವಾದರೂ ಎಂದಿನಷ್ಟೇ ಬಂದಿವೆ. ಬದನೆ ಮಾತ್ರ ಮನೆಗೆ ಎರಡು. ಮೂರು ಕಿನುಯೊ ಹಿತ್ತಿಲಿಗೆ.

“ಎರಡೇನಾ? ಹೋದ್ ಸಲ ಆರು ಕೊಟ್ಟಿದ್ರಲ್ಲ” ಎಂದು ಶಿನೊಬು ಪತ್ರಿಕೆಯಲ್ಲಿ ಸುತ್ತಿದ ಸಸಿಯನ್ನು ಎತ್ತಿ ನೋಡುತ್ತಾರೆ.

“ಎರಡೇ. ಅದಕ್ಕೂ ಒಂದು ಷರತ್ತಿದೆ” ಎನ್ನುತ್ತಾರೆ ಕಿನುಯೊ. ನಾಲ್ಕು ಜನರ ಮುಂದೆ ದನಿಯೆತ್ತಿ ಮಾತಾಡಿ ರೂಢಿಯಿಲ್ಲ. ಸೆರಗಿನಂತೆ ಇಳಿಬಿದ್ದ ಕತ್ತಿನ ಟವೆಲನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದಾರೆ. “ಇಷ್ಟು ವರ್ಷ ಬೀಜ ನನ್ನೊಬ್ಬಳ ಡಬ್ಬೀಲಿತ್ತು. ಅದು ತಪ್ಪು. ಈ ಸಲ ಎಲ್ಲರೂ ಒಂದೊಂದು ಗಿಡದಲ್ಲಿ ಒಂದೊಂದು ಕಾಯಿ ಕೊಯ್ಯದೆ ಬಿಡಿ. ಚೆನ್ನಾಗಿರೋದನ್ನೇ ಬಿಡಿ. ಬಲಿತು ಹಳದಿಯಾಗಿ, ಮೆತ್ತಗಾಗೋವರೆಗೂ ಮುಟ್ಬೇಡಿ. ಮೂವತ್ನಾಲ್ಕು ಮನೇಲೂ ಒಂದೊಂದು ಚಿಟಿಕೆ ಬೀಜ ಇದ್ರೆ ನಂಗೆ ನಿದ್ದೆ ಬರುತ್ತೆ. ಇನ್ನೇನೂ ಬೇಡ.”

ಸಾಸಿವೆ ಹಾಕಿದ ಬದನೆಯೆಂದರೆ ಪ್ರಾಣ ಬಿಡುವ, ತೊಂಬತ್ತು ಮುಟ್ಟುತ್ತಿರುವ ಅಜ್ಜಿಯೊಬ್ಬರು ಸಾಲಿನ ಹಿಂದಿನಿಂದ ಗೊಣಗುತ್ತಾರೆ. “ಅಷ್ಟೊಳ್ಳೆ ಕಾಯಿ ಕಣ್ಣೆದುರಿಗೇ ಹಣ್ಣಾಗಿ ಹೋಗ್ತಿದ್ರೆ ಹೇಗಮ್ಮಾ ನೋಡ್ಕೊಂಡು ಸುಮ್ನಿರೋದು?”

“ಕಷ್ಟಾನೇ ಅಜ್ಜಿ” ಎನ್ನುತ್ತಾರೆ ಕಿನುಯೊ. “ನಾನು ನಲವತ್ತೇಳು ವರ್ಷದಿಂದ ಸುಮ್ನಿದ್ದೀನಿ.”